ದೇವರ ಪ್ರೀತಿಗೆ ತಕ್ಕ ಪ್ರೀತಿಯನ್ನು ನಾನು ಹೇಗೆ ಹಿಂದಿರುಗಿಸಲಿ?

ಯೇಸು ಷರತ್ತಿಲ್ಲದೆ ಪ್ರೀತಿಸುತ್ತಾನೆ ಅಂತ ಗೊತ್ತು, ಆದರೆ ಅದು ಒಳಗೆ ಇಳಿಯುತ್ತಿಲ್ಲ, ಸೋಮವಾರದಿಂದ 40 ದಿನ ಉಪವಾಸ ಪ್ರಾರ್ಥನೆ ಮಾಡಿದರೆ ಆ ಪ್ರೀತಿಗೆ ಯೋಗ್ಯತೆ ಬರುತ್ತದಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದು ನನ್ನದೇ ಹಳೆಯ ಮಾತು.

ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ದಿನಕ್ಕೊಂದು ಸಾಲು. ಎಷ್ಟು ನಿಮಿಷ ಪ್ರಾರ್ಥನೆ, ಸತ್ಯವೇದದ ಎಷ್ಟು ಅಧ್ಯಾಯ, ಎಷ್ಟು ಸಲ ಸಿಟ್ಟು, ಎಷ್ಟು ಸುಳ್ಳು. ಸುಳ್ಳಿನ ಕಾಲಂ ತುಂಬುವಾಗಲೂ ಸುಳ್ಳು ಬರೆದದ್ದುಂಟು, ಅದು ಬೇರೆ ಕಥೆ. ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ನನಗೆ ಒಳ್ಳೆ ಹೆಸರಿತ್ತು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದೆ. ಕೊನೆಗೆ ಬೀಗ ಹಾಕುತ್ತಿದ್ದವನೂ ನಾನೇ.

ನೋಟ್‌ಬುಕ್ ಇಟ್ಟಿದ್ದೇ ತಪ್ಪು ಅಂದುಕೊಳ್ಳಬೇಡಿ. ಇದನ್ನು ಹೇಳಿದಾಗಲೆಲ್ಲ ಜನ "ಓಹೋ, ಲೆಕ್ಕ ಇಡಬಾರದು" ಅಂತ ಅಷ್ಟಕ್ಕೇ ನಿಲ್ಲಿಸುತ್ತಾರೆ. ಲೆಕ್ಕ ಕೆಟ್ಟ ದಿನ ನಾನೇನು ಮಾಡುತ್ತಿದ್ದೆ ಅನ್ನುವುದನ್ನು ನೋಡಿ. ಅಂಥ ದಿನ ನಾನು ದೇವರ ಮುಂದೆ ಹೋಗುತ್ತಲೇ ಇರಲಿಲ್ಲ. ಹೆಂಡತಿಯ ಮೇಲೆ ಕೂಗಾಡಿದ ರಾತ್ರಿ ಪ್ರಾರ್ಥನೆ ಇಲ್ಲ. ಈ ಬಾಯಲ್ಲಿ ಹೇಗೆ ಪ್ರಾರ್ಥಿಸೋದು? ಮೊದಲು 2 ದಿನ ಒಳ್ಳೆಯವನಾಗಿರಬೇಕು, ಆಮೇಲೆ ಮೊಣಕಾಲೂರಬೇಕು. ಎರಡನೇ ದಿನಕ್ಕೆ ಮತ್ತೇನೋ ಆಗಿರುತ್ತಿತ್ತು. ಎಣಿಕೆ ಮತ್ತೆ ಮೊದಲಿಂದ. ಒಮ್ಮೆ ಹೀಗೇ 3 ವಾರ ಕಳೆಯಿತು. ಆ 3 ವಾರವೂ ಕುರ್ಚಿ ಹಾಕಿದ್ದೇನೆ.

ಇದನ್ನು ನಾನು ವಿನಯ ಅಂತ ತಿಳಿದಿದ್ದೆ. ದೇವರ ಪರಿಶುದ್ಧತೆಗೆ ಮರ್ಯಾದೆ ಕೊಡುತ್ತಿದ್ದೇನೆ ಅಂತ. ಆದರೆ ಯೋಚಿಸಿ ನೋಡಿ. ಒಳ್ಳೆಯ ದಿನ ಮಾತ್ರ ಪ್ರೀತಿ ತೆಗೆದುಕೊಂಡವನಿಗೆ ಅದು ಸಂಬಳದ ಹಾಗೇ ಕಾಣುತ್ತದೆ, ಅಲ್ವಾ? ಅದಕ್ಕೆ ಷರತ್ತಿಲ್ಲ ಅಂತ ಗೊತ್ತಾಗಬೇಕಾದರೆ ಕೆಟ್ಟ ದಿನವೇ ಹೋಗಿ ತೆಗೆದುಕೊಳ್ಳಬೇಕು. ನಾನು ತಪ್ಪಿಸಿಕೊಳ್ಳುತ್ತಿದ್ದದ್ದು ಸರಿಯಾಗಿ ಆ ದಿನಗಳನ್ನೇ. ಆಮೇಲೆ "ಯಾಕೋ ಒಳಗೆ ಇಳಿಯುತ್ತಿಲ್ಲ" ಅಂತ ನಾನೇ ಕೊರಗುವುದು. 11 ವರ್ಷ ಹೀಗೇ ಹೋಯಿತು.

(ನನ್ನೊಬ್ಬನ ಹುಚ್ಚು ಇದಲ್ಲ. 1505ರಲ್ಲಿ ಮಠ ಸೇರಿ, ಮುಂದೆ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಬಿಟ್ಟುಹೋದ ಪಾಪ ಯಾವುದಾದರೂ ಇದೆಯೇನೋ ಅನ್ನುವ ಭಯ ಆಮೇಲೂ ಹೋಗುತ್ತಿರಲಿಲ್ಲ.)

ಈ ತಪ್ಪು ನನಗೆ ಕಂಡದ್ದು ಚರ್ಚಿನ ಯಾವ ಬೋಧನೆಯಿಂದಲೂ ಅಲ್ಲ, ಮಗನಿಂದ. ಅವನಿಗೆ ಆಗ 15 ವರ್ಷ. ಗಣಿತದಲ್ಲಿ ಫೇಲಾಗಿದ್ದ. ಮಾರ್ಕ್ಸ್ ಕಾರ್ಡಿಗೆ ನನ್ನ ಸಹಿ ತಾನೇ ಹಾಕಿ ಕೊಟ್ಟಿದ್ದ. ನನಗೆ ತಿಳಿಯುವ ಹೊತ್ತಿಗೆ 2 ತಿಂಗಳಾಗಿತ್ತು. ಆ 2 ತಿಂಗಳು ಹುಡುಗ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ನಾನು ರೂಮಿಗೆ ಬಂದರೆ ಎದ್ದು ಹೋಗುತ್ತಿದ್ದ. ವಯಸ್ಸಿನ ಸಹಜ ಗುಣ ಅಂದುಕೊಂಡಿದ್ದೆ. ಯಾಕೆ ಮುಚ್ಚಿಟ್ಟೆ ಅಂತ ಕೇಳಿದಾಗ ಹೇಳಿದ, "ಮುಂದಿನ ಪರೀಕ್ಷೆಯಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡು, ಆಮೇಲೆ ಎರಡೂ ಒಟ್ಟಿಗೆ ಹೇಳೋಣ ಅಂತಿದ್ದೆ ಅಪ್ಪ."

ಬಯ್ಯಲು ಬಾಯಿ ತೆರೆದವನು ಹಾಗೇ ನಿಂತೆ. ಚಿಕ್ಕವನಿದ್ದಾಗಿನಿಂದ "ಯೇಸಪ್ಪ ನೋಡ್ತಿದ್ದಾನೆ, ಬೇಜಾರು ಮಾಡ್ಕೊಳ್ತಾನೆ" ಅಂತ ಹೆದರಿಸಿ ಬೆಳೆಸಿದವನು ನಾನೇ. ನನ್ನ ನೋಟ್‌ಬುಕ್ ಅವನು ನೋಡಿರಲಿಲ್ಲ. ಆದರೂ ಪೂರ್ತಿ ಕಲಿತಿದ್ದ. ನನಗೆ ನೋವಾದದ್ದು ಮಾರ್ಕ್ಸಿಗಲ್ಲ, ಸಹಿಗೂ ಅಲ್ಲ. ಮಗ 2 ತಿಂಗಳು ಅದೇ ಮನೆಯಲ್ಲಿದ್ದೂ ಒಬ್ಬನೇ ಇದ್ದ, ಅದಕ್ಕೆ. ನಾನು ಬಾರದ ಆ 3 ವಾರ ದೇವರಿಗೆ ಹೇಗಿದ್ದಿರಬಹುದು ಅಂತ ಮೊದಲ ಸಲ ಹೊಳೆಯಿತು.

ಆ ರಾತ್ರಿ ಸತ್ಯವೇದದಲ್ಲಿ ಲೂಕನ ಸುವಾರ್ತೆಯ 15ನೇ ಅಧ್ಯಾಯ ತೆಗೆದೆ. ತಪ್ಪಿಹೋದ ಮಗನ ಕಥೆ, ಅಪ್ಪನ ಆಸ್ತಿಯಲ್ಲಿ ಪಾಲು ತಗೊಂಡು ಹೋಗಿ ಎಲ್ಲ ಹಾಳುಮಾಡಿ ಮನೆಗೆ ಮರಳುವವನದ್ದು, ನಿಮಗೂ ಬಾಯಿಪಾಠ ಇರುತ್ತದೆ. ಆದರೂ 19 ಮತ್ತು 21ನೇ ವಚನವನ್ನು ಪಕ್ಕಪಕ್ಕ ಇಟ್ಟು ಓದಿ. ಮನೆಗೆ ಹೊರಡುವ ಮೊದಲೇ ಅವನು ಒಂದು ಮಾತನ್ನು ಸಿದ್ಧ ಮಾಡಿಕೊಂಡಿರುತ್ತಾನೆ. ಪಾಪ ಮಾಡಿದ್ದೇನೆ, ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳುಗಳಲ್ಲಿ ಒಬ್ಬನಾಗಿ ಇಟ್ಟುಕೋ ಅಂತ. ಅಪ್ಪನ ಎದುರು ನಿಂತಾಗ ಮೊದಲ ಎರಡು ಮಾತು ಹೇಳುತ್ತಾನೆ. ಕೂಲಿಯಾಳಿನ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳನ್ನು ಕರೆದು ನಿಲುವಂಗಿ, ಉಂಗುರ, ಕಾಲಿಗೆ ಜೋಡು ತರಲು ಹೇಳುತ್ತಿರುತ್ತಾನೆ. ಆ ಅಪ್ಪ ಹೇಳಲು ಬಿಡದ ಆ ಒಂದೇ ವಾಕ್ಯವನ್ನು ನಾನು 11 ವರ್ಷ ಪ್ರಾರ್ಥನೆ ಅಂತ ಹೇಳುತ್ತಿದ್ದೆ.

ಕೂಲಿಯಾಳಾಗುವುದರಲ್ಲಿ ಒಂದು ನೆಮ್ಮದಿ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಸಂಜೆಗೆ ಲೆಕ್ಕ ಚುಕ್ತಾ. ಯಾರ ಹಂಗೂ ಇಲ್ಲ. ಮಗನಾದರೆ ಹಂಗು ತೀರುವುದೇ ಇಲ್ಲ. ನಿಮಗೆ ಬೇಕಾಗಿರುವುದೂ ಆ ಚುಕ್ತಾ ಲೆಕ್ಕವೇ ಅಂತ ನನ್ನ ಗುಮಾನಿ.

ಹಾಗಾಗಿ "ತಕ್ಕ ಪ್ರೀತಿ ಹೇಗೆ ಹಿಂದಿರುಗಿಸಲಿ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅದೇನು ಕೈಸಾಲವೇ? ಲೂಕ 7ರಲ್ಲಿ ಇಬ್ಬರು ಸಾಲಗಾರರು ಬರುತ್ತಾರೆ. ಒಬ್ಬನಿಗೆ 500 ದಿನಾರಿ, ಇನ್ನೊಬ್ಬನಿಗೆ 50. ಒಂದು ದಿನಾರಿ ಅಂದರೆ ಆಗಿನ ಒಂದು ದಿನದ ಕೂಲಿ. ಇಬ್ಬರ ಹತ್ತಿರವೂ ಕೊಡಲು ಏನೂ ಇಲ್ಲ, ಇಬ್ಬರ ಸಾಲವೂ ಮನ್ನಾ. ಇವರಲ್ಲಿ ಯಾರು ತೀರಿಸುತ್ತಾರೆ ಅಂತ ಯೇಸು ಕೇಳುವುದಿಲ್ಲ. ಯಾರು ಜಾಸ್ತಿ ಪ್ರೀತಿಸುತ್ತಾರೆ ಅಂತ ಕೇಳುತ್ತಾನೆ. 500ರವನೇ. ನಿಮ್ಮ 500ನ್ನು ಮರೆಮಾಚಿ 50ಕ್ಕೆ ಇಳಿಸಲು ನೋಡಿದರೆ ಪ್ರೀತಿಯೂ ಅಷ್ಟಕ್ಕೇ ಇಳಿಯುತ್ತದೆ.

ಸರಿ, ಪ್ರೀತಿ ಬಂದ ಮೇಲೆ ಅದು ಹೋಗುವುದೆಲ್ಲಿಗೆ? ಯೋಹಾನ 21ರಲ್ಲಿ ಶಿಷ್ಯ ಪೇತ್ರನಿಗೆ ಯೇಸುವಿನಿಂದ 3 ಸಲ "ನನ್ನನ್ನು ಪ್ರೀತಿಸುತ್ತೀಯಾ" ಅನ್ನುವ ಪ್ರಶ್ನೆ. ಹೌದು ಅಂದಾಗಲೆಲ್ಲ ಬರುವ ಮಾತು ಕುರಿಗಳನ್ನು ನೋಡಿಕೋ ಅಂತ. (ಅಲ್ಲಿ ಪ್ರೀತಿಸು ಅನ್ನುವುದಕ್ಕೆ ಬಂದಿರುವ ಗ್ರೀಕಿನ ಎರಡು ಪದ, ಅಗಾಪಾವೊ ಮತ್ತು ಫಿಲೆಯೊ, ಬೇರೆಬೇರೆ ಅರ್ಥದವು ಅಂತ ಹಿಡಿದುಕೊಂಡು ಗಂಟೆಗಟ್ಟಲೆ ಬೋಧಿಸುವವರಿದ್ದಾರೆ. ತಂದೆಯಾದ ದೇವರಿಗೆ ಮಗನಾದ ಯೇಸುವಿನ ಮೇಲಿರುವ ಪ್ರೀತಿಗೆ ಯೋಹಾನನೇ 3:35ರಲ್ಲಿ ಒಂದು ಪದ, 5:20ರಲ್ಲಿ ಇನ್ನೊಂದು ಪದ ಬಳಸಿದ್ದಾನೆ. ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ.) ನನ್ನ ಪಾಲಿಗೆ ಕುರಿ ಅಂದರೆ ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ಹುಡುಗ. ಸಭೆಯ ಕುರ್ಚಿ ಹಾಕಲು ಬೇರೆಯವರೂ ಇದ್ದರು.

ಇನ್ನು ಉಪವಾಸ. ಯೇಸುವೇ "ನೀವು ಉಪವಾಸ ಮಾಡುವಾಗ" ಅಂತ ಮಾತಾಡಿದ್ದಾನೆ, ಬೇಡ ಅನ್ನಲು ನಾನ್ಯಾರು? ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. 9ನೇ ದಿನ ಉಪವಾಸ ಮುರಿದರೆ ಆ ರಾತ್ರಿ ಏನು ಮಾಡುತ್ತೀರಿ? ಮತ್ತೆ ಮೊದಲಿಂದ ಎಣಿಸುತ್ತೇನೆ ಅಂತಾದರೆ ಈ ಸೋಮವಾರ ಶುರು ಮಾಡಬೇಡಿ. ಬದಲಿಗೆ ಒಂದು ಕೆಟ್ಟ ದಿನಕ್ಕೆ ಕಾಯಿರಿ, ದೂರ ಏನೂ ಇರುವುದಿಲ್ಲ. ಅವತ್ತು, ಮುಖ ತೊಳೆಯುವುದಕ್ಕೂ ಮೊದಲು, ಹಾಗೇ ಹೋಗಿ ಕೂತುಕೊಳ್ಳಿ. ಏನಾಯಿತೋ ಅದನ್ನು ಹೇಳಿ. ನಾಳೆಯಿಂದ ಸರಿಯಾಗಿರುತ್ತೇನೆ ಅಂತ ಮಾತ್ರ ಹೇಳಬೇಡಿ. ಮೊದಲ ಸಲ ನನಗೆ 5 ನಿಮಿಷ ಕೂರಲಾಗಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಎದ್ದು ಹೋಗಿ ಮತ್ತೆ ಬಂದು ಕೂತೆ.

ಮಗ ಈಗ ದೂರದಲ್ಲಿ ಕೆಲಸದಲ್ಲಿದ್ದಾನೆ. ಹೋದ ತಿಂಗಳು ರಾತ್ರಿ 11 ಗಂಟೆಗೆ ಫೋನ್ ಮಾಡಿದ. "ಅಪ್ಪ, ಇವತ್ತು ಆಫೀಸಿನಲ್ಲಿ ಒಂದು ತಪ್ಪು ಮಾಡಿಬಿಟ್ಟೆ" ಅಂದ. ಏನು ತಪ್ಪು ಅಂತ ಕೇಳುವುದು ಆಮೇಲೆ ನೆನಪಾಯಿತು. "ಇವತ್ತು" ಅಂದನಲ್ಲ, ನಾನು ಅಲ್ಲೇ ನಿಂತುಬಿಟ್ಟಿದ್ದೆ.