ಕ್ಯಾರವಾನ್ ಮೂವರ್‌ಗೆ ಯಾವ ಟೈರ್, ಯಾವ ಬ್ಯಾಟರಿ?

ಪ್ರಶ್ನೆ: ನನ್ನ ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿ) ತೂಕ 1,200 ಕಿಲೋ. ಅದನ್ನು ಶೆಡ್‌ನಿಂದ ಹೊರಗೆ ಎಳೆಯಲು ಎರಡು ಚಕ್ರದ, ಮೋಟಾರ್ ಇರುವ ಮೂವರ್ ನಾನೇ ಮಾಡುತ್ತಿದ್ದೇನೆ. ಅದರ ತೂಕ 40 ಕಿಲೋ, ಕ್ಯಾರವಾನ್ ಮೂತಿಯಿಂದ 75 ಕಿಲೋ ಭಾರ ಬೀಳುತ್ತದೆ. ಮೋಟಾರ್ 24 ವೋಲ್ಟ್. ಮೊದಲು ಕಾಂಕ್ರೀಟ್, ಸ್ವಲ್ಪ ಏರು, ಆಮೇಲೆ ಹುಲ್ಲು. ಟೈರ್ ಯಾವುದು? ಹಗುರ ಅಂತ ಲಿಥಿಯಂ ಬ್ಯಾಟರಿ ಹಾಕಲೇ?

ಉತ್ತರ: ಹಗುರ ಯಾಕೆ ಬೇಕು ಹೇಳಿ? ನಿಮ್ಮ ಮೂವರ್‌ಗೆ ಕೊರತೆ ಇರುವುದೇ ತೂಕದ್ದು. ಚಕ್ರಗಳ ಮೇಲೆ ಈಗ ಒಟ್ಟು 115 ಕಿಲೋ ಇದೆ. ಒಣ ಕಾಂಕ್ರೀಟ್ ಮೇಲೆ ಒಳ್ಳೆ ರಬ್ಬರ್ ತನ್ನ ಮೇಲಿನ ಭಾರದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಹಿಡಿಯುತ್ತದೆ ಅಂದುಕೊಳ್ಳಿ, ಅಂದರೆ 80 ಕಿಲೋ ಎಳೆತ. ಸಮ ಕಾಂಕ್ರೀಟಿಗೆ 20 ಕಿಲೋ ಸಾಕು. ಆದರೆ 20 ಅಡಿಗೆ ಒಂದಡಿ ಏರಿದ್ದರೆ ಅದಕ್ಕೇ ಇನ್ನೂ 60 ಕಿಲೋ ಬೇಕು. ಲೆಕ್ಕ ಅಲ್ಲಿಗಲ್ಲಿಗೆ ಆಯಿತು, ಅಲ್ವಾ? ಸ್ವಲ್ಪ ಧೂಳಿದ್ದರೂ ಚಕ್ರ ನಿಂತಲ್ಲೇ ತಿರುಗುತ್ತದೆ. ಹಾಗಾಗಿ 12 ವೋಲ್ಟಿನ, 35–40 ಆಂಪಿಯರ್ ಅವರ್‌ನ ಎರಡು ಎಜಿಎಂ (ಸೀಲ್ ಮಾಡಿದ ಲೆಡ್-ಆಸಿಡ್) ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, ಸರಿಯಾಗಿ ಆಕ್ಸಲ್ ಮೇಲೆ ಕೂರಿಸಿ. ಎರಡೂ ಸೇರಿ 25 ಕಿಲೋ ಆಸುಪಾಸು ಬರುತ್ತವೆ, ಆ ತೂಕವೇ ನಿಮಗೆ ಹಿಡಿತ.

ಸಾಮರ್ಥ್ಯದ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. 15 ಆಂಪಿಯರ್‌ನಂತೆ ಕಾಲು ಗಂಟೆ ಓಡಿಸಿದರೂ ಖರ್ಚು 4 ಆಂಪಿಯರ್ ಅವರ್ ಕೂಡ ಆಗಲ್ಲ. ತೊಂದರೆ ಬರುವುದು ಹೊರಡುವ ಕ್ಷಣದಲ್ಲಿ, ಆಗ ಮೋಟಾರ್ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಲಿಥಿಯಂ ಬ್ಯಾಟರಿ ಒಳಗಿನ ಬಿಎಂಎಸ್‌ಗೆ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಅಷ್ಟು ತಾಳುವ ಶಕ್ತಿ ಇಲ್ಲದಿದ್ದರೆ ಅದು ಏರಿನ ಮಧ್ಯೆಯೇ ಸಪ್ಲೈ ಕಡಿದುಬಿಡುತ್ತದೆ. ಕಾರ್ ಸ್ಟಾರ್ಟ್ ಮಾಡುವ ಬ್ಯಾಟರಿಯೂ ಬೇಡ, ಕರೆಂಟ್ ಚೆನ್ನಾಗಿಯೇ ಕೊಡುತ್ತದೆ, ಆದರೆ ನಾಲ್ಕು ಸಲ ಪೂರ್ತಿ ಖಾಲಿ ಮಾಡಿದರೆ ಕೆಟ್ಟುಹೋಗುತ್ತದೆ. ಎಜಿಎಂ ಅನ್ನೂ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ಬಳಸದೆ ಇಟ್ಟಾಗಲೂ ಆಗಾಗ ಚಾರ್ಜ್ ಮಾಡಿ. ಇಂಥ ಬ್ಯಾಟರಿಗಳು ಓಡಿ ಸಾಯುವುದಕ್ಕಿಂತ ಮೂಲೆಯಲ್ಲಿ ಕೂತು ಸಾಯುವುದೇ ಹೆಚ್ಚು. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ದಪ್ಪ ವೈರ್, ಒಂದು ಮೇನ್ ಸ್ವಿಚ್, ಇವು ಇರಲೇಬೇಕು.

ಈಗ ಟೈರ್. 13 ಇಂಚು ಎತ್ತರದ, ಗಾಳಿ ತುಂಬುವ ಟೈರ್ ಸಾಕು. ಇನ್ನೂ ದೊಡ್ಡದು ಹಾಕಿದರೆ ಕಲ್ಲು ಹತ್ತುವುದು ಸುಲಭ, ಆದರೆ ಅದೇ ಗೇರಿನಲ್ಲಿ ವೇಗ ಹೆಚ್ಚಿ ಎಳೆಯುವ ಬಲ ಕುಗ್ಗುತ್ತದೆ. ಕೈಗಾಡಿಯ ಚಕ್ರ ಸುಮ್ನೆ ತರಬೇಡಿ, ಅದರ ಹಬ್ ಬೇರಿಂಗ್ ಮೇಲೆ ತಾನೇ ತಿರುಗುತ್ತದೆ, ಮೋಟಾರ್ ಶಾಫ್ಟ್ ಅದನ್ನು ಹಿಡಿಯುವುದೇ ಇಲ್ಲ. ಸಣ್ಣ ಟಿಲ್ಲರ್‌ಗೆ ಬರುವ, ಕೀ (ಶಾಫ್ಟ್‌ಗೂ ಹಬ್‌ಗೂ ಬೀಗ ಹಾಕುವ ಲೋಹದ ತುಂಡು) ಕೂರುವ ಹಬ್ ಇರುವ ಚಕ್ರ ಹುಡುಕಿ. ಟೈರ್ ಮೇಲಿನ ಉಬ್ಬು ತೀರಾ ದೊಡ್ಡದಿರಬಾರದು, ಕಾಂಕ್ರೀಟ್ ಮೇಲೆ ಅದು ನೆಲ ಮುಟ್ಟುವುದೇ ಕಡಿಮೆ, ಅದುರುವುದು ಜಾಸ್ತಿ.

ಹುಲ್ಲಿನ ವಿಷಯ ನೇರವಾಗಿ ಹೇಳುತ್ತೇನೆ. ಒದ್ದೆ ಹುಲ್ಲಿನಲ್ಲಿ ಈ ಕ್ಯಾರವಾನ್ ಕದಲಿಸಲು 100 ಕಿಲೋ ಎಳೆತ ಬೇಕಾಗಬಹುದು, ಬ್ಯಾಟರಿ ಸೇರಿ ಚಕ್ರಗಳ ಮೇಲೆ 140 ಕಿಲೋ ಆದರೂ, ಹುಲ್ಲು ಜಾರುವುದರಿಂದ ನಿಮಗೆ ಸಿಗುವ ಎಳೆತ 40 ಕಿಲೋ. ಯಾವ ಟೈರೂ ಇದನ್ನು ಸರಿಮಾಡಲ್ಲ. ಕ್ಯಾರವಾನ್ ಚಕ್ರಕ್ಕೂ ಮೂವರ್ ಚಕ್ರಕ್ಕೂ ಹಲಗೆ ಹಾಸಿಕೊಂಡು ಹೋಗಿ. ಅಂದಹಾಗೆ, ಎಳೆಯುವಾಗ ಹ್ಯಾಂಡ್‌ಬ್ರೇಕ್ ಬಿಟ್ಟಿರುತ್ತೀರಿ. ಏರಿನಲ್ಲಿ ಗಾಡಿ ಹಿಂದೆ ಉರುಳದಂತೆ ಚಕ್ರಕ್ಕೆ ಅಡ್ಡ ಕೊಡಲು ಇನ್ನೊಬ್ಬರು ಜೊತೆಗಿರಲಿ.

ಪ್ರಶ್ನೆ: ನಮ್ಮದು ಕ್ಯಾರವಾನ್ ಟೈರಿಗೇ ರೋಲರ್ ಒತ್ತುವ ಮೂವರ್. ಇತ್ತೀಚೆಗೆ ರೋಲರ್ ಜಾರುತ್ತಿದೆ. ಟೈರ್ ಬದಲಿಸಬೇಕೇ?

ಉತ್ತರ: ಮೊದಲು ಗಾಳಿ ನೋಡಿ, ಆಮೇಲೆ ರೋಲರ್‌ಗೆ ಮೆತ್ತಿದ ಕೆಸರು ತೆಗೆಯಿರಿ. ಟೈರ್ ಸವೆದರೆ ಅದರ ಸುತ್ತಳತೆ ತಗ್ಗಿ, ರೋಲರ್ ಒತ್ತುವುದು ಕಡಿಮೆಯಾಗುತ್ತದೆ. ರೋಲರ್‌ಗೂ ಟೈರಿಗೂ ನಡುವಿನ ಜಾಗವನ್ನು ಮೂವರ್ ಕೈಪಿಡಿಯಲ್ಲಿ ಹೇಳಿದ ಅಂತರಕ್ಕೆ ಸರಿಹೊಂದಿಸಿದರೆ ಬಹುಪಾಲು ಸರಿಹೋಗುತ್ತದೆ. ಹೊಸ ಟೈರ್ ಹಾಕಿಸಿದರೂ ಆ ಅಂತರವನ್ನು ಮತ್ತೆ ಅಳೆಯಲೇಬೇಕು.