ಅನುಕಂಪದ ಅಲೆ, ಅನುಕಂಪದ ಕೆಲಸ

ಕಂಪ್ಯಾಷನ್, ಸಿಂಪಥಿ ಎರಡಕ್ಕೂ ಕನ್ನಡದಲ್ಲಿ ‘ಅನುಕಂಪ’ ಅಂತಲೇ ಬರೀತಾರಲ್ಲ, ಹಾಗಾದರೆ ವ್ಯತ್ಯಾಸ ಏನು ಅಂತ ಕೇಳಿದ್ದೀರಿ. ಗೊಂದಲ ಆಗೋದೇ. ಚುನಾವಣೆ ಹೊತ್ತಿಗೆ ಪೇಪರ್‌ನವರು ‘ಅನುಕಂಪದ ಅಲೆ’ ಅಂತಾರೆ, ಅದು ಸಿಂಪಥಿ. ಸರ್ಕಾರಿ ನೌಕರರು ಸೇವೆಯಲ್ಲಿದ್ದಾಗಲೇ ತೀರಿಕೊಂಡರೆ ಮನೆಯವರಿಗೆ ಸಿಗೋದು ‘ಅನುಕಂಪದ ಆಧಾರದ ಕೆಲಸ’. ಅದು ಕಂಪ್ಯಾಷನ್. ರಾಜ್ಯದ 1996ರ ನಿಯಮಗಳ ಇಂಗ್ಲಿಷ್ ಹೆಸರಿನಲ್ಲೇ ಆ ಪದ ಇದೆ. ಬೇರು ಕೆದಕಿದರೂ ಪ್ರಯೋಜನವಿಲ್ಲ. ಒಂದು ಗ್ರೀಕ್, ಇನ್ನೊಂದು ಲ್ಯಾಟಿನ್. ಎರಡರ ಮೂಲ ಅರ್ಥವೂ ಹೆಚ್ಚುಕಮ್ಮಿ ‘ಜೊತೆಗೆ ನೋಯುವುದು’ ಅಂತಲೇ.

ನನಗೆ ವ್ಯತ್ಯಾಸ ತಿಳಿದಿದ್ದು ಈ ಅನುಕಂಪದ ಕೆಲಸದಿಂದಲೇ. ಅಪ್ಪ ಬೆಂಗಳೂರಿನಲ್ಲೇ ಒಂದು ಸರ್ಕಾರಿ ಕಚೇರಿಯಲ್ಲಿದ್ದರು. ಅವರು ಹೋದಾಗ ನನಗೆ ಇಪ್ಪತ್ತೊಂದು. ಹನುಮಂತನಗರದ ಮನೆಗೆ ತಿಂಗಳುಗಟ್ಟಲೆ ಜನ ಬಂದರು. ‘ಅಯ್ಯೋ ಪಾಪ’ ಅಂದರು. ಸುಮ್ನೆ ಬಾಯಿಮಾತಲ್ಲ, ನಿಜವಾಗಿ ಕಣ್ಣೊರೆಸಿಕೊಂಡರು. ಪಕ್ಕದ ಮನೆ ಅಜ್ಜಿ ಕೈ ಹಿಡಿದು ಕೂತರೆ ಮಾತ್ರ ಅಮ್ಮ ಎರಡು ತುತ್ತು ಉಣ್ಣುತ್ತಿದ್ದರು. ಅದು ಸಿಂಪಥಿಯೋ ಕಂಪ್ಯಾಷನ್ನೋ, ಹೇಳೋದು ಕಷ್ಟ. ಸಿಂಪಥಿ ಅಂದರೆ ಕೀಳು ಅನ್ನುವವರ ಮಾತು ಅದಕ್ಕೇ ನನಗೆ ಒಪ್ಪಿಗೆಯಿಲ್ಲ.

ಅಪ್ಪನ ಕಚೇರಿಯಲ್ಲಿ ಒಬ್ಬರು ಕೇಸ್ ವರ್ಕರ್ ಇದ್ದರು. ಅವರ ಬಾಯಲ್ಲಿ ‘ಪಾಪ’ ಬರಲೇ ಇಲ್ಲ. ‘ಅಳೋದು ಇದ್ದಿದ್ದೇ. ವರ್ಷದೊಳಗೆ ಅರ್ಜಿ ಹಾಕಬೇಕು, ವಂಶವೃಕ್ಷ ಮಾಡಿಸಿದ್ಯೇನೋ?’ ಅಂತ ಗದರಿದರು. ಮಾಡಿಸಿರಲಿಲ್ಲ. ರಜೆ ಹಾಕಿ ನನ್ನ ಜೊತೆ ನಾಡಕಚೇರಿಗೆ ಬಂದರು. ಡೆತ್ ಸರ್ಟಿಫಿಕೇಟಿನಲ್ಲಿ ಅಪ್ಪನ ಇನಿಷಿಯಲ್ ತಪ್ಪಾಗಿದ್ದನ್ನು ಕಂಡುಹಿಡಿದವರೂ ಅವರೇ. ಇಲ್ಲದಿದ್ದರೆ ಫೈಲು ಅಲ್ಲೇ ಕೊಳೆಯುತ್ತಿತ್ತು.

ಸಿಂಪಥಿ ಅಂದರೆ ನಿಮ್ಮ ಕಷ್ಟ ನೋಡಿ ನನಗೂ ಬೇಜಾರಾಗೋದು. ಕಂಪ್ಯಾಷನ್ ಬಂದರೆ ಸುಮ್ಮನೆ ಕೂರೋಕಾಗಲ್ಲ, ಏನಾದರೂ ಮಾಡಬೇಕು ಅನ್ನಿಸುತ್ತದೆ. ಮಾಡಲು ಆಗದೇ ಇರಬಹುದು, ಆ ತವಕ ಇದ್ದರಾಯಿತು. ಬರೆಯುವಾಗ ನಾನು ಸಿಂಪಥಿಗೆ ಮರುಕ ಅಥವಾ ಸಹಾನುಭೂತಿ, ಕಂಪ್ಯಾಷನ್‌ಗೆ ಕರುಣೆ ಅಂತ ಹಾಕುತ್ತೇನೆ. ‘ಅನುಕಂಪ’ ಸಿಕ್ಕರೆ ಅದರ ಪಕ್ಕದ ಪದ ನೋಡಿ, ಅಲೆಯೋ ಆಧಾರವೋ ಅಂತ.

ಆರ್ಡರ್ ಕೈಗೆ ಬಂದ ದಿನ ಆ ಕೇಸ್ ವರ್ಕರ್‌ಗೆ ಮೈಸೂರ್ ಪಾಕ್ ತಗೊಂಡು ಹೋಗಿದ್ದೆ. ‘ಶುಗರ್ ಇದೆ ಕಣೋ, ಸೆಕ್ಷನ್‌ನವರಿಗೆ ಹಂಚು’ ಅಂದು ಮತ್ತೆ ಫೈಲು ತಿರುವತೊಡಗಿದರು.