‘ಪ್ಯಾರಾಸೈಟ್’ ಆದ ಮೇಲೆ ಯಾವ ಕೊರಿಯನ್ ಚಿತ್ರ?

ನಮಸ್ಕಾರ. ‘ಪ್ಯಾರಾಸೈಟ್’ ಮೆಚ್ಚಿದ ತಾವು, ಕೊರಿಯನ್ ಸಿನಿಮಾ ಎಂದರೆ ಬರೀ ಕೊಲೆ, ರಕ್ತವೇ, ತಾಯಿಯವರೊಡನೆ ಕುಳಿತು ನೋಡುವಂಥದ್ದು ಇಲ್ಲವೇ ಎಂದು ಕೇಳಿದ್ದೀರಿ.

ಖಂಡಿತ ಇದೆ. 2002ರ ‘ದಿ ವೇ ಹೋಮ್’ ಚಿತ್ರದಲ್ಲಿ ಸೋಲ್ ನಗರದ ಹಟಮಾರಿ ಹುಡುಗನೊಬ್ಬ, ಮಾತು ಬಾರದ ಅಜ್ಜಿಯ ಹಳ್ಳಿಮನೆಗೆ ಬಂದು ಕೆಂಟಕಿ ಚಿಕನ್ ಬೇಕೆಂದು ರಚ್ಚೆ ಹಿಡಿಯುತ್ತಾನೆ. ಅಜ್ಜಿ ಮಳೆಯಲ್ಲಿ ನೆನೆದು ಕೋಳಿ ತಂದು, ತನಗೆ ತಿಳಿದಂತೆ ನೀರಿನಲ್ಲಿ ಬೇಯಿಸಿ ಮುಂದಿಟ್ಟಾಗ ಅವನು ಅಳುತ್ತಾನೆ. ಅಜ್ಜಿಯ ಪಾತ್ರ ಮಾಡಿದವರು ವೃತ್ತಿನಟಿಯಲ್ಲ, ಹಳ್ಳಿಯ ಮುದುಕಿಯೇ. ಆ ಬಾಗಿದ ಬೆನ್ನು ನಟನೆಯಿಂದ ಬರುವಂಥದ್ದಲ್ಲ.

ಸೇನಾಡಳಿತದ ವಿರುದ್ಧ ದಕ್ಷಿಣ ಕೊರಿಯಾದ ಗ್ವಾಂಗ್ಜು ನಗರದಲ್ಲಿ ಎದ್ದ 1980ರ ದಂಗೆಯ ನಡುವೆ ಜರ್ಮನ್ ಪತ್ರಕರ್ತನನ್ನು ಕರೆದೊಯ್ಯುವ ಚಾಲಕನ ಕಥೆ ‘ಎ ಟ್ಯಾಕ್ಸಿ ಡ್ರೈವರ್’ (2017) ಕೂಡ ಜೊತೆಯಲ್ಲಿ ನೋಡಬಹುದು, ಗೋಲಿಬಾರಿನ ದೃಶ್ಯಗಳಿವೆ ಎಂಬುದನ್ನು ಮೊದಲೇ ಹೇಳಿಬಿಡಿ. ಜೊಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು, ಇಷ್ಟವಾದರೆ ‘ಟ್ರೈನ್ ಟು ಬೂಸಾನ್’ ಇದ್ದೇ ಇದೆ.

ತಾವೊಬ್ಬರೇ ನೋಡಬೇಕಾದದ್ದು ‘ಪ್ಯಾರಾಸೈಟ್’ ನಿರ್ದೇಶಿಸಿದ ಅದೇ ಬಾಂಗ್ ಜೂನ್ ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ (2003). ಹ್ವಾಸಿಯಾಂಗ್ ಪ್ರದೇಶದಲ್ಲಿ 1986ರಿಂದ ನಡೆದ ಸರಣಿ ಕೊಲೆಗಳನ್ನು ಆಧರಿಸಿದ ಈ ಚಿತ್ರ ತೊಡಗುವುದು ಭತ್ತದ ಗದ್ದೆಯ ಬಳಿ. ಮೋರಿಯೊಳಗೆ ಶವ, ಮೇಲೆ ಪತ್ತೇದಾರನನ್ನು ಅಣಕಿಸುವ ಪೋರ. ಕೊನೆಗೆ ಪತ್ತೇದಾರನ ಪಾತ್ರಧಾರಿ ಸಾಂಗ್ ಕಾಂಗ್ ಹೋ ನೇರವಾಗಿ ಕ್ಯಾಮೆರಾವನ್ನೇ ದಿಟ್ಟಿಸುತ್ತಾರೆ, ಏಕೆಂದರೆ ಆಗಿನ್ನೂ ಕೊಲೆಗಾರ ಸಿಕ್ಕಿರಲಿಲ್ಲ, ಪ್ರೇಕ್ಷಕರ ನಡುವೆಯೇ ಕುಳಿತಿರಬಹುದಿತ್ತು. ಡಿಎನ್‌ಎ ಮೂಲಕ ಅವನ ಗುರುತು ಹತ್ತಿದ್ದು 2019ರಲ್ಲಿ. ಬೇರೊಂದು ಕೊಲೆಗಾಗಿ ಅವನು ಆ ವೇಳೆಗೆ ಜೈಲಿನಲ್ಲಿಯೇ ಇದ್ದ.